ಕಿವಿ ಹಣ್ಣು ತಿಂದರೆ ಕಿವಿ ಏಕೆ ತುರಿಸಿತು?

ಗೋಕುಳ ಶಿರಗಾಂವದ ಹೆದ್ದಾರಿಯ ಮಗ್ಗುಲಿಗೆ ಸಂಜೆಯ ಹೊತ್ತು ಹಣ್ಣಿನ ಗಾಡಿಗಳು ನಿಲ್ಲುತ್ತವೆ. ಕಾರಖಾನೆಗಳ ಪಾಳಿ ಬಿಟ್ಟು ಬರುವ ಜನ, ಕನೇರಿ ಮಠಕ್ಕೆ ಹೋಗಿ ಮರಳುವ ಭಕ್ತರು, ಕಾಗಲ ನಿಪ್ಪಾಣಿಯ ಕಡೆಗೆ ಹೊರಟವರು ಅಲ್ಲಿ ನಿಂತು ಮಕ್ಕಳಿಗೆ ಏನಾದರೂ ಕಟ್ಟಿಸಿಕೊಂಡು ಹೋಗುತ್ತಾರೆ. ಮೊದಲು ಆ ಗಾಡಿಗಳ ಮೇಲೆ ಬಾಳೆ, ಪೇರಲ, ಚಿಕ್ಕು, ದ್ರಾಕ್ಷಿ ಇರುತ್ತಿದ್ದವು. ಹಂಗಾಮಿಗೆ ಮಾವು ಬರುತ್ತಿತ್ತು. ಈಗ ಅವುಗಳ ನಡುವೆ ಕೋಳಿಯ ತತ್ತಿಯಷ್ಟು ಗಾತ್ರದ, ಮೈಮೇಲೆ ಕಂದು ನವಿರು ಇರುವ ಒಂದು ಹಣ್ಣು ಮೂರು ಮೂರರಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕುಳಿತಿರುತ್ತದೆ. ಅದೇ ಕಿವಿ ಹಣ್ಣು.

ಹೆಸರು ಕೇಳಿದ ಕನ್ನಡಿಗನಿಗೆ ಮೊದಲು ನಗೆ ಬರುವದು. ನಮಗೂ ಬಂದಿತ್ತು. ಆ ನಗೆಯಲ್ಲಿ ಒಂದು ಮಗು ಹೇಳಿದ ಮಾತು ನಮ್ಮ ಲಕ್ಷ್ಯದಿಂದ ತಪ್ಪಿಹೋಯಿತು. ಆ ಸಂಗತಿಯನ್ನು ಮುಚ್ಚಿಡದೆ ನಮ್ಮ ಒಕ್ಕಲು ಬಂಧುಗಳ ಮುಂದೆ ಇಡಬೇಕೆಂದು ಈ ಲೇಖನ ಬರೆಯುತ್ತಿದ್ದೇವೆ.

2023ರ ಶ್ರಾವಣದ ಮಾತು. ನಮ್ಮ ತಮ್ಮನು ಗೋಕುಳ ಶಿರಗಾಂವದ ಎರಕದ ಕಾರಖಾನೆಯೊಂದರಲ್ಲಿ ಕೆಲಸಕ್ಕಿದ್ದು ಅಲ್ಲಿಯೇ ಬಾಡಿಗೆಯ ಮನೆ ಮಾಡಿದ್ದಾನೆ. ಅವನ ಆರು ವರ್ಷದ ಮಗಳಿಗೆ ಡೆಂಗಿ ಜ್ವರ ಬಂತು. ಐದಾರು ದಿನ ಎಲ್ಲರ ಜೀವ ಕೈಯಲ್ಲಿತ್ತು. ಜ್ವರ ಬಿಟ್ಟು, ರಕ್ತದ ಪ್ಲೇಟ್‌ಲೆಟ್ ಏರತೊಡಗಿ, ಹುಡುಗಿ ಮನೆಗೆ ಬಂದಳು. ದವಾಖಾನೆಯ ಬಾಕಿನ ಮೇಲೆ ಕುಳಿತಿದ್ದವರೊಬ್ಬರು ಕಿವಿ ಹಣ್ಣು ತಿನ್ನಿಸಿದರೆ ಪ್ಲೇಟ್‌ಲೆಟ್ ಒಂದೇ ದಿನದಲ್ಲಿ ಏರುತ್ತದೆಂದು ಹೇಳಿದ್ದರು. ವೈದ್ಯರು ಹೇಳಿದ್ದಲ್ಲ, ಬಾಕಿನ ಮೇಲಿನವರು ಹೇಳಿದ್ದು. ಊರಿಂದ ನೋಡಲು ಹೋಗಿದ್ದ ನಾವೇ ಗಾಡಿಗೆ ಹೋಗಿ ನೂರಿಪ್ಪತ್ತು ರೂಪಾಯಿ ಕೊಟ್ಟು ಮೂರು ಹಣ್ಣಿನ ಡಬ್ಬಿ ತಂದೆವು. ದೊಡ್ಡಪ್ಪನಾದವನು ಬರಿಗೈಯಲ್ಲಿ ಹೋಗಬಾರದಷ್ಟೆ.

ಆ ಸಂಜೆ ಅರ್ಧ ಹಣ್ಣು ಹೋಳು ಮಾಡಿ ಕೊಟ್ಟೆವು. ಎರಡು ಹೋಳು ತಿಂದು ಹುಡುಗಿ ಹೇಳಿದಳು: "ದೊಡ್ಡಪ್ಪಾ, ಬಾಯಾಗ ಚುರುಚುರು ಅಂತೈತಿ. ಕಿವಿ ಒಳಗೂ ತುರಸಾಕತ್ತೈತಿ."

ಮನೆಯವರೆಲ್ಲ ನಕ್ಕೆವು. "ಕಿವಿ ಹಣ್ಣ ತಿಂದರ ಕಿವಿ ತುರಸದ ಮೂಗ ತುರಸತೈತೇನ?" ಎಂದು ನಾವೇ ಚೇಷ್ಟೆ ಮಾಡಿದೆವು. ತುಟಿ ಸ್ವಲ್ಪ ಕೆಂಪಾದದ್ದು ಕಂಡಿತ್ತು. ಹುಳಿ ಹಣ್ಣು, ಜ್ವರದಿಂದ ಬಾಯಿ ಕೆಟ್ಟಿದೆ, ಹಾಗಾಗಿರಬೇಕು ಎಂದುಕೊಂಡೆವು. ಅರ್ಧ ತಾಸಿನಲ್ಲಿ ತುರಿಕೆ ನಿಂತಿತು, ನಾವೂ ಮರೆತೆವು.

ಮರುದಿನ ಮುಂಜಾನೆ ಇನ್ನೊಂದು ಹಣ್ಣನ್ನು ಹಿಸುಕಿ, ಸಕ್ಕರೆ ಹಾಕಿ, ಹಾಲಿನಲ್ಲಿ ಕಲಸಿಟ್ಟೆವು. ಸ್ನಾನ ಮುಗಿಸಿ ಬಂದು ಕೊಡುವ ಹೊತ್ತಿಗೆ ಒಂದು ತಾಸಾಗಿತ್ತು. ಒಂದು ಗುಟುಕು ಕುಡಿದು ಅವಳು ಲೋಟ ದೂಡಿದಳು. "ಕಹಿ ಐತಿ, ನಾ ಒಲ್ಲೆ." ಹಾಲು ಕಹಿಯಾಗುವದೆಂದರೇನು? ಹಾಲಿನ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಮಗೆ ಅದು ಶುದ್ಧ ನೆಪವಾಗಿ ಕಂಡಿತು. "ನಲವತ್ತು ರೂಪಾಯಿಗೆ ಒಂದ ಹಣ್ಣ ಐತಿ, ಸುಮ್ಮನ ಕುಡಿ" ಎಂದು ಕಣ್ಣು ಬಿಟ್ಟೆವು. ಮಾಸ್ತರಿಕೆಯ ಕಣ್ಣು, ಹುಡುಗಿ ಹೆದರಿ ಕುಡಿದಳು.

ಹತ್ತು ನಿಮಿಷವಾಗಿರಬಹುದು. ತುಟಿ ಬೀಗಿದವು, ಕಣ್ಣುರೆಪ್ಪೆ ಉಬ್ಬಿ ಕಣ್ಣು ಮುಚ್ಚಿದವು, ಹೊಟ್ಟೆ ಬೆನ್ನಿನ ಮೇಲೆಲ್ಲ ಪಿತ್ತದ ಗಾದರಿ ಎದ್ದವು. ತಮ್ಮನ ಹೆಂಡತಿ ಆಮಸೂಲ ನೆನೆಹಾಕಿ ಕಂಬಳಿ ಹುಡುಕತೊಡಗಿದಳು. ಅಷ್ಟರಲ್ಲಿ ಹುಡುಗಿ ವಾಂತಿ ಮಾಡಿಕೊಂಡಳು. ಆಮೇಲೆ ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಸಪ್ಪಳ. ತಮ್ಮನು ಕಂಬಳಿಯ ಹಾದಿ ನೋಡದೆ ಮೋಟರ್‌ಸೈಕಲ್ ತೆಗೆದ. ನಾವು ಹಿಂದೆ ಕುಳಿತು ಮಗುವನ್ನು ಹಿಡಿದುಕೊಂಡೆವು. ಸಮೀಪದ ದವಾಖಾನೆಯ ವೈದ್ಯರು ಮುಖ ನೋಡಿದವರೇ ತೊಡೆಗೆ ಒಂದು ಸೂಜಿ ಚುಚ್ಚಿದರು. ಎಂಟು ಹತ್ತು ನಿಮಿಷದಲ್ಲಿ ಉಸಿರು ಸರಳವಾಯಿತು. ಒಂದು ರಾತ್ರಿ ಅಲ್ಲಿಯೇ ಇಟ್ಟುಕೊಂಡು ನೋಡಿ ಕಳಿಸಿದರು.

ವೈದ್ಯರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಹಿಂದಿನ ದಿನ ತಿಂದಾಗ ಮಗು ಏನಾದರೂ ಹೇಳಿತ್ತೇನು?"

ಹೇಳಿತ್ತು. ಮಗುವಿನ ಮಾತನ್ನು ಮೊದಲು ಕೇಳಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಇಪ್ಪತ್ತು ವರ್ಷದಿಂದ ನಾವು ಕಿರಿಯ ಶಿಕ್ಷಕರಿಗೂ ಅದನ್ನೇ ಹೇಳುತ್ತ ಬಂದಿದ್ದೆವು. ಅವಳು ಹೇಳಿದ ಎರಡೂ ಮಾತು ಅಕ್ಷರಶಃ ಸತ್ಯವಾಗಿದ್ದವು. ಕಿವಿ ತುರಿಸಿದ್ದೂ ನಿಜ, ಹಾಲು ಕಹಿಯಾದದ್ದೂ ನಿಜ. ಅದು ಹೇಗೆಂಬುದನ್ನು ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡೆವು.

ಮೊದಲು ಹಾಲಿನ ಮಾತು. ನಮ್ಮಲ್ಲಿ ಮಟನ್ ಬೇಗ ಬೇಯಲೆಂದು ಹಸಿ ಪಪ್ಪಾಯಿಯ ಹೋಳು ಹಾಕುವದುಂಟು. ಪಪ್ಪಾಯಿಯ ಹಾಲಿನಲ್ಲಿ ಮಾಂಸದ ಎಳೆಯನ್ನು ಕತ್ತರಿಸುವ ಒಂದು ಸತ್ವವಿದೆ, ಪಪೇನ್ ಎಂದು ಅದರ ಹೆಸರು. ಅನಾನಸದಲ್ಲಿ ಬ್ರೊಮೆಲೇನ್, ಅಂಜೂರದ ಹಾಲಿನಲ್ಲಿ ಫಿಸಿನ್ ಎಂಬವು ಅದೇ ಜಾತಿಯವು. ಕಿವಿ ಹಣ್ಣಿನಲ್ಲಿರುವದು ಆಕ್ಟಿನಿಡಿನ್. ಇವೆಲ್ಲ ಪ್ರೋಟೀನನ್ನು ತುಂಡು ತುಂಡು ಮಾಡುವ ಕತ್ತರಿಗಳು. ಹಸಿ ಕಿವಿ ಹಣ್ಣನ್ನು ಹಾಲಿನಲ್ಲಿ ಕಲಸಿ ಇಟ್ಟರೆ ಆ ಕತ್ತರಿ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಆ ತುಂಡುಗಳ ರುಚಿ ಕಹಿ. ಇಟ್ಟಷ್ಟೂ ಕಹಿ ಹೆಚ್ಚು. ಗೃಹಿಣಿಯರು ಬೇಕಾದರೆ ಒಂದು ಚಮಚ ಹಾಲಿನಲ್ಲಿ ಪರೀಕ್ಷೆ ಮಾಡಿ ನೋಡಬಹುದು, ಒಗ್ಗದವರು ಮಾತ್ರ ನಾಲಗೆಗೆ ಹಚ್ಚಬಾರದು.

ಇನ್ನು ತುರಿಕೆ. ಇಲ್ಲಿ ಎರಡು ಬಗೆಯ ತುರಿಕೆಗಳನ್ನು ಬೇರೆ ಮಾಡಿ ತಿಳಿಯಬೇಕು. ಈ ಒಂದು ಭೇದ ಮನಸ್ಸಿನಲ್ಲಿ ನಿಂತರೆ ಸಾಕು, ಲೇಖನ ಬರೆದದ್ದು ಸಾರ್ಥಕ.

ಸುವರ್ಣಗಡ್ಡೆ ಹೆಚ್ಚಿದರೆ ಕೈ ತುರಿಸುತ್ತದೆ. ಕೆಸುವಿನ ಎಲೆ, ಮರಾಠಿಯವರ ಅಳು, ಹುಣಸೆಹುಳಿ ಹಾಕದೆ ಬೇಯಿಸಿದರೆ ಗಂಟಲು ಕೆರೆಯುತ್ತದೆ. ಇದು ನಿಮಗೂ ಆಗುತ್ತದೆ, ನಮಗೂ ಆಗುತ್ತದೆ, ತಹಸೀಲದಾರರಿಗೂ ಆಗುತ್ತದೆ. ಕಾರಣ, ಆ ಗಡ್ಡೆ ಎಲೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿವೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಹರಳುಗಳು. ಅವು ಚರ್ಮಕ್ಕೆ, ನಾಲಗೆಗೆ ಚುಚ್ಚುತ್ತವೆ. ಕಿವಿ ಹಣ್ಣಿನಲ್ಲಿಯೂ ಇಂಥ ಸೂಜಿಗಳಿವೆ. ಅನಾನಸ ಹೆಚ್ಚು ತಿಂದಾಗ ನಾಲಗೆ ಉರಿಯುವದಕ್ಕೂ ಇಂಥ ಸೂಜಿ ಮತ್ತು ಕತ್ತರಿಗಳ ಜೋಡಿಯೇ ಕಾರಣ. ಇದು ಹಣ್ಣಿನ ಗುಣ, ತಿಂದವನ ದೋಷವಲ್ಲ. ಹೆಚ್ಚು ತಿಂದಷ್ಟು ಹೆಚ್ಚು ಉರಿ, ನಿಲ್ಲಿಸಿದರೆ ನಿಲ್ಲುತ್ತದೆ.

ಎರಡನೆಯದು ಹಾಗಲ್ಲ. ಅದು ಕೆಲವರಿಗೆ ಮಾತ್ರ ಆಗುವದು. ನಮ್ಮ ಹಿರಿಯರು "ಅವಂಗ ಅದು ಒಗ್ಗೂದಿಲ್ಲ" ಎನ್ನುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ಇದಕ್ಕೆ ಅಲರ್ಜಿ ಎಂಬ ಹೆಸರನ್ನು 1906ರಲ್ಲಿ ವಿಯೆನ್ನಾ ಪಟ್ಟಣದ ಪಿರ್ಕೆ ಎಂಬ ಮಕ್ಕಳ ವೈದ್ಯರು ಇಟ್ಟರು. ನಮ್ಮ ಮೈಯಲ್ಲಿ ರೋಗಾಣುಗಳನ್ನು ಹಿಡಿಯುವ ಕಾವಲುಗಾರರಿದ್ದಾರೆ. ಕೆಲವರ ಮೈಯ ಕಾವಲುಗಾರ, ಕಳ್ಳನಲ್ಲದ ಬೀಗನನ್ನು ಕಳ್ಳನೆಂದು ಬಗೆದು ಅವನ ಮುಖ ಗುರುತಿಟ್ಟುಕೊಳ್ಳುತ್ತಾನೆ. ಮುಂದೆ ಅದೇ ಬೀಗ ಮತ್ತೆ ಅಗಸಿಗೆ ಬಂದಾಗ ಡಂಗುರ ಹೊಡೆದು ಊರೆಲ್ಲ ಎಬ್ಬಿಸುತ್ತಾನೆ. ಆ ಗುರುತಿನ ಚೀಟಿಗೆ ವೈದ್ಯರು ಐ.ಜಿ.ಇ. ಎನ್ನುತ್ತಾರೆ. ಡಂಗುರದ ಗದ್ದಲದಲ್ಲಿ ಹಿಸ್ಟಮಿನ್ ಮೊದಲಾದ ರಸಗಳು ರಕ್ತಕ್ಕೆ ಬಿದ್ದು ಗಾದರಿ, ಬಾವು, ವಾಂತಿ, ಉಬ್ಬಸ ತರುತ್ತವೆ. ಮಿತಿ ಮೀರಿದರೆ ರಕ್ತದೊತ್ತಡ ಕುಸಿದು ಮನುಷ್ಯ ಬೀಳುತ್ತಾನೆ. ಇಲ್ಲಿ ಹೆಚ್ಚು ಕಡಿಮೆಯ ಲೆಕ್ಕ ಸರಿಯಾಗಿ ನಡೆಯುವದಿಲ್ಲ. ಒಂದು ಹೋಳೂ ಸಾಕಾಗಬಹುದು. ಕಿವಿ ಹಣ್ಣಿನಲ್ಲಿ ಈ ಗದ್ದಲ ಎಬ್ಬಿಸುವ ಮುಖ್ಯ ವಸ್ತುಗಳಲ್ಲೊಂದು ಮೇಲೆ ಹೇಳಿದ ಆಕ್ಟಿನಿಡಿನ್ನೇ. ಹಳದಿ ತಿರುಳಿನ ಕಿವಿ ಹಣ್ಣಿನಲ್ಲಿ ಅದು ಬಹಳ ಕಡಿಮೆ; ಆದರೂ ಅದರಲ್ಲಿ ಬೇರೆ ಪ್ರೋಟೀನುಗಳಿರುವದರಿಂದ ಅದು ನಿರ್ಭಯವೆಂದು ತಿಳಿಯಬಾರದು.

ಬಾಯಿ, ಗಂಟಲು, ಕಿವಿಯ ಒಳಭಾಗ ತುರಿಸುವದು ಈ ಎರಡನೆಯ ಬಗೆಯ ಮೊದಲ ಮೆಟ್ಟಿಲು. ಗಂಟಲಿಗೂ ಕಿವಿಗೂ ಒಳಗಿನಿಂದ ಸಂಬಂಧವಿರುವದರಿಂದ ಕಿವಿಯಾಳದಲ್ಲಿ ತುರಿಕೆ ಅನ್ನಿಸುತ್ತದೆ. ಅನೇಕರಿಗೆ ಜನ್ಮಪೂರ್ತಿ ಅಷ್ಟೇ ಆಗಿ ನಿಲ್ಲುವದೂ ಉಂಟು. ಕೆಲವರಿಗೆ ನಿಲ್ಲುವದಿಲ್ಲ.

ಈ ಹಣ್ಣಿನ ಅಲರ್ಜಿಯ ವಿಷಯ ವೈದ್ಯರ ಪತ್ರಿಕೆಗಳಲ್ಲಿ ಮೊದಲು ಬಂದದ್ದು 1981ರಲ್ಲಿ. ಆಮೇಲೆ ಇಂಗ್ಲಂಡದ ಸೌತಾಂಪ್ಟನ್ನಿನ ವೈದ್ಯರು ಕಿವಿ ಹಣ್ಣು ತಮಗೆ ಒಗ್ಗುವದಿಲ್ಲವೆಂದು ಹೇಳಿದ 273 ಜನರನ್ನು ವಿಚಾರಿಸಿ 2004ರಲ್ಲಿ ವರದಿ ಬರೆದರು. ಅವರಲ್ಲಿ ನೂರಕ್ಕೆ 65 ಜನರಿಗೆ ಬಾಯಿಯ ತುರಿಕೆ ಇತ್ಯಾದಿ. ನೂರಕ್ಕೆ 18 ಜನರಿಗೆ ಉಬ್ಬಸ, ಮೈ ನೀಲಿಯಾಗುವದು, ಕುಸಿದು ಬೀಳುವದು ಇಂಥ ಘೋರ ಲಕ್ಷಣಗಳು. ಆ ಘೋರ ಲಕ್ಷಣಗಳು ದೊಡ್ಡವರಿಗಿಂತ ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚು. ಈ ಸಂಖ್ಯೆ ಹಣ್ಣು ತಿಂದ ಎಲ್ಲರದ್ದಲ್ಲ, ಒಗ್ಗದೆ ಇದ್ದವರದ್ದು ಮಾತ್ರ, ಓದಿದವರು ಗಾಬರಿಯಾಗಬೇಕಿಲ್ಲ.

ಕನ್ನಡ ನಾಡಿನ ಲೆಕ್ಕವೂ ಇದೆ. ಬೆಂಗಳೂರು, ಮೈಸೂರು ಕಡೆಯ 20ರಿಂದ 54 ವರ್ಷದವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. 11,791 ಜನರನ್ನು ಪ್ರಶ್ನೆ ಕೇಳಿ, ಅವರಲ್ಲಿ ಕೆಲವರ ರಕ್ತ ಪರೀಕ್ಷೆ ಮಾಡಿದರು. 24 ಆಹಾರಗಳ ಪೈಕಿ ಒಂದಕ್ಕಾದರೂ ಆ "ಗುರುತಿನ ಚೀಟಿ" ರಕ್ತದಲ್ಲಿದ್ದವರು ನೂರಕ್ಕೆ 26ಕ್ಕಿಂತ ಹೆಚ್ಚು. ಆದರೆ ನಿಜವಾಗಿ ತಿಂದಾಗ ತೊಂದರೆಯಾಗುವ ಸಂಭವವಿದ್ದವರು ನೂರಕ್ಕೆ ಸುಮಾರು 1.2 ಮಾತ್ರ. ವಿಚಿತ್ರವೆಂದರೆ, ತಾವು ಹೆಚ್ಚಾಗಿ ತಿನ್ನದ ಆಹಾರಗಳಿಗೂ ಜನರ ರಕ್ತದಲ್ಲಿ ಚೀಟಿ ಕಂಡಿತು. ಗಿಡಗಳ ಪರಾಗದ ಪ್ರೋಟೀನುಗಳು ಹಣ್ಣಿನ ಪ್ರೋಟೀನುಗಳನ್ನು ಹೋಲುವದುಂಟು. ಮೂಗಿನಿಂದ ಹೋದ ಪರಾಗ ಮಾಡಿಟ್ಟ ಗುರುತು ಬಾಯಿಂದ ಹೋದ ಹಣ್ಣಿಗೂ ಹೊಂದುತ್ತದೆ. ಆದ್ದರಿಂದ "ಒಮ್ಮೆಯೂ ತಿಂದಿಲ್ಲ, ಮೊದಲ ಸಲವೇ ಹೇಗಾಯಿತು?" ಎಂಬ ಪ್ರಶ್ನೆಗೆ ಅರ್ಥವಿಲ್ಲ. ಮತ್ತು ಬರಿಯ ರಕ್ತದ ವರದಿ ನೋಡಿ ಹತ್ತು ಆಹಾರ ಬಿಡಿಸುವದಕ್ಕೂ ಅರ್ಥವಿಲ್ಲ. ಪೇಟೆಯಲ್ಲಿ ಸಾವಿರಾರು ರೂಪಾಯಿಯ ಅಂಥ ಪರೀಕ್ಷೆಗಳನ್ನು ಮಾರುವವರಿದ್ದಾರೆ. ತಿಂದಾಗ ಏನಾಯಿತೆಂಬ ಕಥೆಯನ್ನು ಕೇಳುವ ವೈದ್ಯರ ಬಳಿ ಮೊದಲು ಹೋಗುವದು ಲೇಸು.

ನಮ್ಮ ಬದನೆಕಾಯಿಯನ್ನೂ ವಿದ್ವಾಂಸರು ಬಿಟ್ಟಿಲ್ಲ. ಅದರ ಅಲರ್ಜಿಯ ಬಗ್ಗೆ ಮೈಸೂರಿನಲ್ಲಿ ಅಧ್ಯಯನ ನಡೆದು 2008ರಲ್ಲಿ ಪ್ರಕಟವಾಗಿದೆ.

ಹೀಗಾಗಿ ಪರದೇಶದ್ದೆಂಬ ಮಾತ್ರಕ್ಕೆ ಹಣ್ಣನ್ನು ದೂರುವದು ಸರಿಯಲ್ಲ. ಪಪ್ಪಾಯಿಗೆ ನಮ್ಮಲ್ಲಿ ಪರಂಗಿ ಎಂಬ ಹೆಸರೇ ಇದೆ. ಫರಂಗಿಯವರು ತಂದ ಹಣ್ಣೆಂದು ಅದರ ಹೆಸರೇ ಹೇಳುತ್ತದೆ. ಪೇರಲ, ಅನಾನಸ, ಸೀತಾಫಲ, ಶೇಂಗಾ, ಮೆಣಸಿನಕಾಯಿ ಎಲ್ಲ ಅಮೇರಿಕ ಖಂಡದಿಂದ ಬಂದವೇ. ಮೆಣಸಿನಕಾಯಿ ಬೇಡವೆಂದರೆ ಕೊಲ್ಲಾಪುರದ ತಾಂಬಡಾ ರಸ್ಸಾದ ಗತಿ ಏನು? ಆದರೆ ಅವು ನಿಧಾನವಾಗಿ, ತಲೆಮಾರುಗಳ ಮೇಲೆ ನಮ್ಮ ಅಡಿಗೆಮನೆ ಹೊಕ್ಕವು. ಯಾರಿಗೆ ಯಾವುದು ಒಗ್ಗದೆಂಬ ತಿಳಿವಳಿಕೆಯೂ ಅಜ್ಜಿಯರ ಬಾಯಲ್ಲಿ ಬೆಳೆಯಿತು. ಕಿವಿ ಹಣ್ಣಿನ ವಿಷಯದಲ್ಲಿ ನಮ್ಮ ಅಜ್ಜಿಯರಿಗೆ ಏನೂ ಗೊತ್ತಿಲ್ಲ.

ಈ ಹಣ್ಣಿನ ಚರಿತ್ರೆಯಲ್ಲಿ ಮಾಸ್ತರರಿಗೆ ಅಭಿಮಾನ ಪಡುವ ಒಂದು ಸಂಗತಿಯುಂಟು. ಇದರ ತವರು ಚೀನ. 1904ರಲ್ಲಿ ಇಸಾಬೆಲ್ ಫ್ರೇಜರ್ ಎಂಬ ಶಾಲೆಯ ಮುಖ್ಯಾಧ್ಯಾಪಕಿ ಚೀನದ ಪ್ರವಾಸದಿಂದ ಮರಳುವಾಗ ಇದರ ಬೀಜಗಳನ್ನು ನ್ಯೂಜಿಲಂಡಕ್ಕೆ ಒಯ್ದರು. 1910ರಲ್ಲಿ ಅಲ್ಲಿ ಮೊದಲ ಹಣ್ಣು ಬಿಟ್ಟಿತು. ಆಗ ಇದಕ್ಕೆ ಚೀನದ ನೆಲ್ಲಿ ಎಂಬರ್ಥದ ಹೆಸರಿತ್ತು. 1959ರಲ್ಲಿ ಅಮೇರಿಕದ ಪೇಟೆಗೆ ಕಳಿಸುವ ಅಡತಿಯವರು, ಹೊಸ ಹೆಸರಾದರೆ ಮಾರಾಟ ಸುಲಭವೆಂದು, ತಮ್ಮ ದೇಶದ ಕಿವಿ ಎಂಬ ಪಕ್ಷಿಯ ಹೆಸರಿಟ್ಟರು. ನಮ್ಮ ದೇಶದಲ್ಲಿ 1960ರ ಸುಮಾರಿಗೆ ಬೆಂಗಳೂರಿನ ಲಾಲಬಾಗಿನಲ್ಲಿ ಅಲಂಕಾರದ ಬಳ್ಳಿಯಾಗಿ ಹಚ್ಚಿ ನೋಡಿದರು, ಅಷ್ಟಾಗಿ ಹತ್ತಲಿಲ್ಲ. 1963ರಲ್ಲಿ ಸಿಮ್ಲಾದ ಫಾಗಲಿಯಲ್ಲಿ ಹಚ್ಚಿದ್ದು ಹತ್ತಿತು. ಈಗ ಹಿಮಾಚಲ, ಅರುಣಾಚಲ, ನಾಗಾಲ್ಯಾಂಡಗಳಲ್ಲಿ ಬೆಳೆಯುತ್ತಾರೆ.

ಇದು ಒಕ್ಕಲುತನದ ಪುಟವಾದ್ದರಿಂದ ಒಂದು ಮಾತು. ಕಿವಿಯ ಸಸಿ ತಂದು ಹಚ್ಚಿರೆಂದು ಯಾರಾದರೂ ಊರಿಗೆ ಬಂದರೆ ದುಡ್ಡು ಬಿಚ್ಚಬೇಡಿರಿ. ಸಾಮಾನ್ಯ ಹಸಿರು ಜಾತಿಗೆ ಚಳಿಗಾಲದಲ್ಲಿ 7 ಅಂಶಕ್ಕಿಂತ ಕೆಳಗಿನ ತಂಪು ನೂರಾರು ತಾಸು ಬೇಕು. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹಿರಣ್ಯಕೇಶಿ, ದೂಧಗಂಗೆಯ ದಂಡೆಯ ಕಬ್ಬಿನ ನೆಲಕ್ಕೆ ಅಂಥ ಚಳಿ ಎಲ್ಲಿಯದು?

ಡ್ರ್ಯಾಗನ್ ಹಣ್ಣಿನ ಮಾತು ಬೇರೆ. ಅದು ಕಳ್ಳಿಯ ಜಾತಿಯದಾದ್ದರಿಂದ ನೀರು ಕಡಿಮೆ ಇರುವ ಜತ್ತ, ಕವಠೆಮಹಾಂಕಾಳ ಭಾಗದ ನಮ್ಮ ಬಂಧುಗಳು ಕಲ್ಲುಕಂಬ ನೆಟ್ಟು ಬೆಳೆಯುತ್ತಿದ್ದಾರೆ. ಅದರ ಅಲರ್ಜಿ ತೀರ ವಿರಳ. ಆದರೆ ಕೆಂಪು ತಿರುಳಿನ ಹಣ್ಣು ತಿಂದ ಮರುದಿನ ಮೂತ್ರ, ಮಲ ಕೆಂಪಾಗುವದುಂಟು. ಬೀಟರೂಟ್ ತಿಂದಾಗ ಆಗುವ ಹಾಗೆಯೇ, ಬಣ್ಣ ಮಾತ್ರ. ಡೆಂಗಿಯ ರೋಗಿಗೆ ಈ ಹಣ್ಣನ್ನೂ ತಿನ್ನಿಸುತ್ತಾರೆ. ಡೆಂಗಿಯಲ್ಲಿ ನಿಜವಾದ ರಕ್ತಸ್ರಾವವೂ ಆಗಬಹುದಾದ್ದರಿಂದ ಅಲ್ಲಿ ದೊಡ್ಡ ಗೊಂದಲವಾಗುತ್ತದೆ. ಜ್ವರದ ದಿನಗಳಲ್ಲಿ ಕೆಂಪು ಕಂಡರೆ ಹಣ್ಣಿನ ಬಣ್ಣವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಹಣ್ಣು ತಿಂದ ವಿಷಯವನ್ನೂ ಹೇಳಬೇಕು.

ಕೊಡಗಿನ ಕಡೆಯಿಂದ ಬರುವ ಬೆಣ್ಣೆ ಹಣ್ಣು, ಕಿವಿ ಹಣ್ಣು, ನಮ್ಮದೇ ಬಾಳೆಹಣ್ಣು, ಈ ಮೂರಕ್ಕೂ ರಬ್ಬರಿಗೂ ಒಂದು ನಂಟಿದೆಯೆಂದರೆ ನಂಬುವದು ಕಷ್ಟ. ರಬ್ಬರ ಮರದ ಹಾಲಿನ ಪ್ರೋಟೀನು ಈ ಹಣ್ಣುಗಳ ಪ್ರೋಟೀನನ್ನು ಹೋಲುತ್ತದೆ. ಆದ್ದರಿಂದ ರಬ್ಬರಿನ ಕೈಚೀಲ ಹಾಕಿಕೊಂಡಾಗ, ಬುಗ್ಗೆ ಊದಿದಾಗ ಕೈ ಅಥವಾ ತುಟಿ ತುರಿಸುವವರಲ್ಲಿ ಕೆಲವರಿಗೆ ಈ ಹಣ್ಣುಗಳೂ ಒಗ್ಗುವದಿಲ್ಲ. ದವಾಖಾನೆಯ ನರ್ಸುಗಳು, ಕೈಚೀಲ ಹಾಕಿ ದುಡಿಯುವ ಕಾರಖಾನೆಯವರು ಇದನ್ನು ಲಕ್ಷ್ಯದಲ್ಲಿಡಬೇಕು. ಶಸ್ತ್ರಕ್ರಿಯೆ ಆಗುವದಿದ್ದರೆ ಮುಂಚೆ ಹೇಳಬೇಕು. ಚಂದಗಡದ ಗೋಡಂಬಿಯ ಮಾತೂ ಇಲ್ಲಿಯೇ ಹೇಳಿಬಿಡುತ್ತೇವೆ. ಸಿಪ್ಪೆಯ ಎಣ್ಣೆ ಚರ್ಮ ಸುಡುವದು ಬೇರೆ, ಮಾವಿನ ಸೊನೆಯ ಹಾಗೆ. ಬೀಜ ತಿಂದು ಗಂಟಲು ಬಿಗಿಯುವದು ಬೇರೆ. ಎರಡನೆಯದು ಕಿವಿ ಹಣ್ಣಿನದಕ್ಕಿಂತ ಕಡಿಮೆ ಅಪಾಯದ್ದಲ್ಲ, ಮತ್ತು ಅಂಥವರಿಗೆ ಪಿಸ್ತಾ ಕೂಡ ಆಗಿಬರುವದಿಲ್ಲ.

ತಿಂದ ಮೇಲೆ ತೊಂದರೆಯಾದರೆ ಮಾಡುವದೇನು? ಬಾಯಿ ಅಷ್ಟೇ ತುರಿಸಿದರೆ ಉಗುಳಿಸಿ, ಬಾಯಿ ಮುಕ್ಕಳಿಸಿ, ಮಗುವನ್ನು ಎರಡು ತಾಸು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಕು, ಮತ್ತು ವೈದ್ಯರನ್ನು ಕೇಳುವ ತನಕ ಆ ಹಣ್ಣನ್ನು ಮತ್ತೆ ಕೊಡಬಾರದು. ನಾವು ತಪ್ಪಿದ್ದು ಇಲ್ಲಿಯೇ. ಬರಿಯ ಗಾದರಿ ಎದ್ದರೆ ವೈದ್ಯರು ಕೊಟ್ಟ ಅಲರ್ಜಿಯ ಗುಳಿಗೆಯಿಂದ ಶಮನವಾಗಬಹುದು. ಆಮಸೂಲದ ನೀರು ಹಚ್ಚಿದರೆ ನಮ್ಮ ತಕರಾರಿಲ್ಲ. ಆದರೆ ದನಿ ಕಟ್ಟುವದು, ನುಂಗಲು ಬಾರದಿರುವದು, ಉಬ್ಬಸ, ಬಿಡದ ವಾಂತಿ, ತಲೆ ತಿರುಗಿ ಮೈ ತಣ್ಣಗಾಗುವದು, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಒಂದು ನಿಮಿಷ ಕಳೆಯಬಾರದು. ಆಗ ಜೀವ ಉಳಿಸುವ ಔಷಧ ಒಂದೇ, ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಸೂಜಿ. ಹಳೆಯ ಅಗ್ಗದ ಔಷಧವಿದು. ಗುಳಿಗೆಯಾಗಲಿ, ತುರಿಕೆಯ ಇನ್ನಾವ ಇಂಜೆಕ್ಷನ್ನಾಗಲಿ ಅದರ ಕೆಲಸ ಮಾಡಲಾರದು. ದೊಡ್ಡ ದವಾಖಾನೆಯೇ ಬೇಕೆಂದು ಕೊಲ್ಲಾಪುರದ ತನಕ ಓಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ವೈದ್ಯರಲ್ಲಿಗೋ ಮೊದಲು ಮುಟ್ಟಿಸಬೇಕು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಬೇಕು. ಗಡಿಯ ಆಚೆಗೂ ಈಚೆಗೂ ಅದೇ ಸಂಖ್ಯೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕಿಡಬೇಕು, ಉಸಿರು ಕಟ್ಟುತ್ತಿದ್ದರೆ ಕೂಡಿಸಬೇಕು, ನಡೆಸಬಾರದು. ಮೋಟರ್‌ಸೈಕಲ್ ಮೇಲೆ ಕೂಡಿಸಿ ಒಯ್ದ ನಾವು ಇದನ್ನು ಹೇಳುವದು ನಗೆಪಾಟಲು, ಆದರೂ ಹೇಳುತ್ತೇವೆ. ಆರಾಮಾದ ಮೇಲೆ ಕೂಡಲೆ ಮನೆಗೆ ಹೊರಡಬಾರದು. ಕೆಲವು ತಾಸಿನ ನಂತರ ಲಕ್ಷಣಗಳು ಮತ್ತೆ ಮರಳುವದುಂಟು.

ಇನ್ನು, ಇಷ್ಟಕ್ಕೆಲ್ಲ ಕಾರಣವಾದ ಪ್ಲೇಟ್‌ಲೆಟ್. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವದೂ ಜ್ವರ ಬಿಟ್ಟ ಮೇಲೆ ತಾನಾಗಿ ಏರುವದೂ ರೋಗದ ಕ್ರಮ. ಏರುವ ಕಾಲಕ್ಕೆ ಯಾವ ಹಣ್ಣು ತಿನ್ನಿಸಿದರೂ ಕೀರ್ತಿ ಹಣ್ಣಿಗೆ ಹೋಗುತ್ತದೆ. ರೋಗಿಗೆ ಬೇಕಾದದ್ದು ಮೈಯಲ್ಲಿ ನೀರು: ಓ.ಆರ್.ಎಸ್., ಗಂಜಿ, ಎಳನೀರು, ಮಜ್ಜಿಗೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಕೂಡದು. ಜ್ವರ ಬಿಟ್ಟ ಒಂದೆರಡು ದಿನವೇ ಅಪಾಯದ ಕಾಲವಾದ್ದರಿಂದ ಹೊಟ್ಟೆನೋವು, ಬಿಡದ ವಾಂತಿ, ವಸಡಿನ ರಕ್ತ ಕಂಡರೆ ವೈದ್ಯರ ಬಳಿಗೆ ಹೋಗಬೇಕು. ಸಿ ಜೀವಸತ್ವ ಬೇಕೆಂದರೆ ಕಿವಿ ಹಣ್ಣಿನ ನೂರು ಗ್ರಾಮಿನಲ್ಲಿ ಸುಮಾರು 90 ಮಿಲಿಗ್ರಾಂ ಇದ್ದರೆ, ನಮ್ಮ ಬದುವಿನ ಪೇರಲದಲ್ಲಿ 200ಕ್ಕೂ ಹೆಚ್ಚು. ಮೇಲಾಗಿ, ರೋಗದಿಂದ ಎದ್ದ ಮಗುವಿಗೆ ಹೊಸ ಆಹಾರದ ಪರೀಕ್ಷೆ ಮಾಡುವ ಸಮಯ ಅದಲ್ಲ. ಸೋಂಕು, ನೋವಿನ ಗುಳಿಗೆ, ಓಟದ ಆಯಾಸ ಇವು ಅಲರ್ಜಿಯನ್ನು ಕೆಲವರಲ್ಲಿ ಹೆಚ್ಚಿಸುತ್ತವೆ. ಹೊಸ ಹಣ್ಣನ್ನು ಮಗು ಗಟ್ಟಿಯಾಗಿದ್ದಾಗ, ಹಗಲು ಹೊತ್ತು, ಒಂದೇ ಹಣ್ಣು, ಒಂದು ಸಣ್ಣ ಹೋಳು ಕೊಟ್ಟು ನೋಡಬೇಕು. ಮೊದಲೇ ಉಬ್ಬಸ ಇರುವ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ನಮ್ಮ ಹುಡುಗಿ ಈಗ ಹಣ್ಣಿನ ರಸದ ಅಂಗಡಿಯಲ್ಲಿ ಏನೂ ಕುಡಿಯುವದಿಲ್ಲ. ಒಂದೇ ಮಿಕ್ಸರಿನಲ್ಲಿ ಎಲ್ಲ ಹಣ್ಣು ತಿರುವುತ್ತಾರೆಂದು ವೈದ್ಯರು ಹೇಳಿದ್ದನ್ನು ದೊಡ್ಡವರಿಗಿಂತ ಅವಳೇ ಚೆನ್ನಾಗಿ ನೆನಪಿಟ್ಟಿದ್ದಾಳೆ. ಡಬ್ಬಿಯಲ್ಲಿ ಉಳಿದ ಮೂರನೆಯ ಹಣ್ಣನ್ನು ಅವಳ ಅಣ್ಣ ಯಾರಿಗೂ ಹೇಳದೆ ತಿಂದಿದ್ದ. ಅವನಿಗೆ ಏನೂ ಆಗಲಿಲ್ಲ. "ಹುಣಸಿಕಾಯಿನ ಚಲೋ" ಅಂದ.

ಆ ವರ್ಷದಿಂದ ನಮ್ಮ ಶಾಲೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಮಕ್ಕಳ ಹೆಸರಿನ ಮುಂದೆ "ಒಗ್ಗದ ಪದಾರ್ಥ" ಎಂಬ ಒಂದು ಕಾಲಂ ಹಾಕಿದ್ದೇವೆ. ಮಧ್ಯಾಹ್ನದ ಊಟ ಬಡಿಸುವ ತಾಯಂದಿರಿಗೂ ಅದನ್ನು ಓದಿ ಹೇಳಿದ್ದೇವೆ. ಹೆಚ್ಚೇನೂ ತುಂಬಿಲ್ಲ. ಒಬ್ಬನಿಗೆ ತತ್ತಿ, ಒಬ್ಬಳಿಗೆ ಶೇಂಗಾ. ಮೂರನೆಯ ಇಯತ್ತೆಯ ಹುಡುಗನೊಬ್ಬ ಬದನೆಕಾಯಿ ಎಂದು ಬರೆಸಿದ್ದಾನೆ. ಬದನೆಕಾಯಿ ಪಲ್ಯದ ದಿನ ಮುಖ ತಿರುವುವ ಹುಡುಗರು ಶಾಲೆಯಲ್ಲಿ ಮತ್ತೂ ಹತ್ತು ಜನ ಇದ್ದಾರೆ. ಮೊದಲಿನ ಹಾಗಾಗಿದ್ದರೆ ಕಿವಿ ಹಿಂಡಿ ಕೂಡಿಸುತ್ತಿದ್ದೆವು. ಈಗ ತಿಂದಾಗ ಏನಾಗುತ್ತದೆಂದು ಕೇಳಿದೆವು. "ಗಂಟಲದಾಗ ತುರಸತೈತ್ರಿ" ಅಂದ. ಬರುವ ಸೋಮವಾರ ಅವನ ಅವ್ವನಿಗೆ ಶಾಲೆಗೆ ಬರಲು ಹೇಳಿಕಳಿಸಿದ್ದೇವೆ.